ಬಿಳಿ ರಮ್ಮಿನ ನಾಲ್ಕು ಹಳೆಯ ಕಾಕ್‌ಟೇಲ್‌ಗಳು: ಮನೆಯಲ್ಲಿ ಹದವಾಗಿ ಮಾಡುವ ಮತ್ತು ಹೋಲಿಸಿ ನೋಡುವ ಬಗೆ

ಪ್ರಶ್ನೆ: ಒಂದು ಬಾಟಲಿ ಬಿಳಿ ರಮ್ ತಂದು ಮನೆಯಲ್ಲೇ ಡೈಕಿರಿ, ಮೊಹಿಟೊ, ಕ್ಯೂಬಾ ಲಿಬ್ರೆ ಮತ್ತು ಪಿನಾ ಕೊಲಾಡಾ ಮಾಡಿ ನೋಡಿದೆವು. ಮೊಹಿಟೊ ಕಹಿಯಾಯಿತು. ಡೈಕಿರಿ ಒಮ್ಮೆ ವಿಪರೀತ ಹುಳಿ, ಇನ್ನೊಮ್ಮೆ ಬರೀ ನೀರು. ಪಿನಾ ಕೊಲಾಡಾದಲ್ಲಿ ತೆಂಗಿನ ಹಾಲು ಒಡೆದು ಕಾಳುಕಾಳಾಯಿತು. ಕ್ಯೂಬಾ ಲಿಬ್ರೆಯೊಂದೇ ಸರಿಹೋದದ್ದು. ತಪ್ಪು ನಮ್ಮ ರಮ್ಮಿನದೇ? ಇನ್ನೂ ದುಬಾರಿ ಬಾಟಲಿ ತರಬೇಕೇ? ಈ ನಾಲ್ಕರಲ್ಲಿ ಯಾವುದು ಹೇಗೆ ಎಂದು ಸರಿಯಾಗಿ ಹೋಲಿಸಿ ನೋಡುವುದು ಹೇಗೆ?

ಉತ್ತರ: ನಿಮ್ಮ ರಮ್ಮಿನಲ್ಲಿ ದೋಷವಿಲ್ಲ. ನೀವು ಹೇಳಿರುವ ತೊಂದರೆಗಳಲ್ಲಿ ಒಂದೂ ಬಾಟಲಿಯ ಒಳಗಿನಿಂದ ಬಂದದ್ದಲ್ಲ. ಕಹಿ ಬಂದದ್ದು ಪುದೀನ ಎಲೆಯನ್ನು ಜಜ್ಜಿದ್ದರಿಂದ, ಹುಳಿಯೂ ನೀರೂ ಏರುಪೇರಾದದ್ದು ನಿಂಬೆ ರಸವನ್ನು ಅಳೆಯದೆ, ಐಸನ್ನು ಗಮನಿಸದೆ ಬಳಸಿದ್ದರಿಂದ, ಕಾಳು ಕಟ್ಟಿದ್ದು ತೆಂಗಿನ ಹಾಲಿನ ಕೊಬ್ಬು ತಣ್ಣಗಾದ ಕೂಡಲೇ ಗಟ್ಟಿಯಾದದ್ದರಿಂದ. ಕ್ಯೂಬಾ ಲಿಬ್ರೆ ಸರಿಹೋದದ್ದಕ್ಕೂ ಕಾರಣವಿದೆ. ಅದರಲ್ಲಿ ಸಿಹಿಯ ಅಳತೆಯನ್ನು ಕೋಲಾ ತಯಾರಿಸಿದವರು ಮೊದಲೇ ನಿಗದಿ ಮಾಡಿಟ್ಟಿರುವುದರಿಂದ ಮಾಡುವವರ ಕೈ ತಪ್ಪುವುದಕ್ಕೆ ಹೆಚ್ಚು ಅವಕಾಶವಿರುವುದಿಲ್ಲ. ಬಾಟಲಿಯ ವಿಚಾರವನ್ನು ಕೊನೆಯಲ್ಲಿ ನೋಡೋಣ. ಅದಕ್ಕೂ ಮೊದಲು ನನ್ನ ಸಲಹೆ ಒಂದೇ: ಉಳಿದ ಮೂರನ್ನು ಸದ್ಯಕ್ಕೆ ಬದಿಗಿಟ್ಟು ಡೈಕಿರಿಯನ್ನು ಹದವಾಗಿ ಮಾಡುವುದನ್ನು ಕಲಿಯಿರಿ. ಬಿಳಿ ರಮ್ಮಿನ ಪಾನೀಯಗಳನ್ನು ಅಳೆದು ನೋಡಲು ಅದಕ್ಕಿಂತ ಒಳ್ಳೆಯ ಮಾನದಂಡವಿಲ್ಲ.

ಕಾರಣ ಸರಳವಾದದ್ದು. ಡೈಕಿರಿಯಲ್ಲಿ ಇರುವುದು ರಮ್, ನಿಂಬೆ ರಸ, ಸಕ್ಕರೆ ಮತ್ತು ಐಸಿನಿಂದ ಕರಗಿ ಬಂದ ನೀರು, ಅಷ್ಟೇ. ಅದಕ್ಕೆ ಪುದೀನವನ್ನೂ ಸೋಡಾವನ್ನೂ ಸೇರಿಸಿದರೆ ಹೆಚ್ಚುಕಡಿಮೆ ಮೊಹಿಟೊ ಆಗುತ್ತದೆ. ಸಕ್ಕರೆಯ ಜಾಗದಲ್ಲಿ ಕೋಲಾ ಬಂದು ನಿಂಬೆ ಅರ್ಧಕ್ಕೆ ಇಳಿದರೆ ಕ್ಯೂಬಾ ಲಿಬ್ರೆ. ಹುಳಿಯ ಕೆಲಸವನ್ನು ಅನಾನಸಿಗೂ ಸಿಹಿಯ ಕೆಲಸವನ್ನು ತೆಂಗಿಗೂ ವಹಿಸಿದರೆ ಪಿನಾ ಕೊಲಾಡಾ. ಹೀಗಿರುವಾಗ ಮೂಲದ ಹುಳಿ–ಸಿಹಿಯ ಹದ ನಾಲಿಗೆಗೆ ಗೊತ್ತಿರದೆ ಉಳಿದವುಗಳನ್ನು ಹೋಲಿಸುವುದಕ್ಕೆ ಹೊರಟರೆ, ಯಾವ ವ್ಯತ್ಯಾಸ ಪಾನೀಯದ ಸ್ವಭಾವದಿಂದ ಬಂದದ್ದು, ಯಾವುದು ಆ ದಿನದ ಕೈತಪ್ಪಿನಿಂದ ಬಂದದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಡೈಕಿರಿ ಹುಟ್ಟಿದ್ದು ಕ್ಯೂಬಾದ ಪೂರ್ವ ತುದಿಯಲ್ಲಿ, ಸಾಂಟಿಯಾಗೊ ನಗರದ ಸಮೀಪದ ಡೈಕಿರಿ ಎಂಬ ಕರಾವಳಿ ಊರಿನ ಆಸುಪಾಸಿನಲ್ಲಿ. 1898ರ ಸುಮಾರಿಗೆ ಅಲ್ಲಿನ ಕಬ್ಬಿಣದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಎಂಜಿನಿಯರ್ ಜೆನಿಂಗ್ಸ್ ಕಾಕ್ಸ್ ಇದನ್ನು ರೂಪಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ರಮ್, ನಿಂಬೆ, ಸಕ್ಕರೆಗಳನ್ನು ಕೂಡಿಸಿ ಕುಡಿಯುವ ರೂಢಿ ಕೆರಿಬಿಯನ್ ದ್ವೀಪಗಳಲ್ಲಿ ಅದಕ್ಕಿಂತ ಬಹಳ ಹಿಂದಿನಿಂದಲೂ ಇತ್ತು ಎಂಬುದನ್ನು ಮರೆಯಬಾರದು. ಅದನ್ನು ನಾಜೂಕಾದ ಕಲೆಯ ಮಟ್ಟಕ್ಕೆ ಏರಿಸಿದ ಕೀರ್ತಿ ಹವಾನಾದ ಎಲ್ ಫ್ಲೊರಿಡಿಟಾ ಬಾರಿನ ಕಾನ್‌ಸ್ಟಾಂಟಿನೊ ರಿಬಲೈಗುವಾ ಅವರಿಗೆ ಸಲ್ಲಬೇಕು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದುದರಿಂದ ಅಲ್ಲಿನ ಜನ ಸಮುದ್ರ ದಾಟಿ ಹವಾನಾಕ್ಕೆ ಬರತೊಡಗಿದರು. ಕ್ಯೂಬಾದ ಈ ಪಾನೀಯಗಳು ಲೋಕಪ್ರಸಿದ್ಧವಾಗುವುದಕ್ಕೆ ಅದೂ ಒಂದು ದೊಡ್ಡ ಕಾರಣ.

ಈಗ ರಮ್ಮಿನ ಬಗ್ಗೆ ಎರಡು ಮಾತು. ಬಹುತೇಕ ಬಿಳಿ ರಮ್‌ಗಳನ್ನು ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿ ಮಾಡುತ್ತಾರೆ. ಅದು ಮರದ ಪೀಪಾಯಿಯನ್ನೇ ಕಾಣದ ಮದ್ಯವೆಂದು ಹಲವರು ತಿಳಿಯುತ್ತಾರೆ, ಆದರೆ ಒಳ್ಳೆಯ ಬಿಳಿ ರಮ್‌ಗಳಲ್ಲಿ ಅನೇಕವು ಒಂದೆರಡು ವರ್ಷ ಪೀಪಾಯಿಯಲ್ಲಿ ಇದ್ದು, ಆಮೇಲೆ ಇದ್ದಿಲಿನ ಮೂಲಕ ಸೋಸಿ ಬಣ್ಣ ಕಳೆದುಕೊಂಡಂಥವು. 1862ರಲ್ಲಿ ಸಾಂಟಿಯಾಗೊದಲ್ಲಿ ಭಟ್ಟಿ ಆರಂಭಿಸಿದ ಫಕುಂಡೊ ಬಕಾರ್ಡಿ ಈ ಹಗುರ ಶೈಲಿಯ ರಮ್ಮನ್ನು ಪ್ರಸಿದ್ಧಿಗೆ ತಂದವರು. ಕ್ರಾಂತಿಯ ನಂತರ 1960ರಲ್ಲಿ ಕ್ಯೂಬಾ ಸರಕಾರ ಅವರ ವಂಶದವರ ಆಸ್ತಿಗಳನ್ನು ವಶಪಡಿಸಿಕೊಂಡಾಗ ಆ ಸಂಸ್ಥೆ ದೇಶದಿಂದ ಹೊರಬಿತ್ತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಅದೇ ಹೆಸರಿನ ರಮ್ಮಿಗೂ ನಮ್ಮ ಮೈಸೂರು ಜಿಲ್ಲೆಯ ನಂಜನಗೂಡಿಗೂ ಉತ್ಪಾದನೆಯ ನಂಟಿದೆ. ಅಳತೆಯ ದೃಷ್ಟಿಯಿಂದ ನೀವು ಗಮನಿಸಬೇಕಾದದ್ದು ಬೇರೆ: ಭಾರತದಲ್ಲಿ ತಯಾರಾಗುವ ಬಹುತೇಕ ರಮ್‌ಗಳಲ್ಲಿ ಆಲ್ಕೋಹಾಲ್ ಶೇಕಡಾ 42.8 ಇರುತ್ತದೆ, ಹೊರದೇಶಗಳಲ್ಲಿ ಸಾಮಾನ್ಯವಾಗಿ 37.5 ಅಥವಾ 40. ಹೊರಗಿನವರು ಬರೆದ ಅಳತೆಗಳನ್ನು ಹಾಗೆಯೇ ಅನುಸರಿಸಿದಾಗ ನಮ್ಮಲ್ಲಿ ಪಾನೀಯ ಸ್ವಲ್ಪ ಗಡುಸಾಗುವುದಕ್ಕೆ ಇದೂ ಕಾರಣ.

ಡೈಕಿರಿಗೆ ನಾನು ಸೂಚಿಸುವ ಅಳತೆ ಹೀಗಿದೆ: ರಮ್ 60 ಮಿ.ಲೀ., ಅಂದರೆ ಒಂದು ಲಾರ್ಜ್ ಪೆಗ್. ಆಗಷ್ಟೇ ಹಿಂಡಿ ಸೋಸಿದ ನಿಂಬೆ ರಸ 20 ಮಿ.ಲೀ.; ಸಕ್ಕರೆ ನೀರು 20 ಮಿ.ಲೀ. ಮೊದಲ ಕೆಲಸವಾಗಿ 5 ಮಿ.ಲೀ. ಗೆರೆಗಳಿರುವ ಒಂದು ಸಣ್ಣ ಅಳತೆ ಲೋಟವನ್ನು ತಂದುಕೊಳ್ಳಿ. ಕೆಮ್ಮಿನ ಸಿರಪ್ಪಿನೊಂದಿಗೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಿದರೂ ಸಾಕು. ಎರಡು ನಿಂಬೆಹಣ್ಣು, ಮೂರು ಚಮಚ ಸಕ್ಕರೆ ಎಂಬ ಲೆಕ್ಕದಲ್ಲಿ ಮಾಡಿದ ಡೈಕಿರಿ ಎರಡು ದಿನ ಒಂದೇ ರೀತಿ ಬರುವುದು ಸಾಧ್ಯವೇ ಇಲ್ಲ.

ಏಕೆಂದರೆ ನಿಂಬೆಹಣ್ಣು ಪ್ರತಿಸಲವೂ ಬೇರೆ. ನಮ್ಮ ಸಂತೆಯ ತೆಳುಸಿಪ್ಪೆಯ, ಬೀಜವಿರುವ ಸಣ್ಣ ಕಾಗ್ಜಿ ನಿಂಬೆ ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಯುವ ಸಣ್ಣ ನಿಂಬೆಯ ಜಾತಿಯದೇ. ಏಷ್ಯಾದ ಈ ಭಾಗದಿಂದಲೇ ಅದು ಅರಬರ, ಸ್ಪೇನಿನವರ ಕೈದಾಟಿ ಅಲ್ಲಿಗೆ ಹೋದದ್ದು. ಹಾಗಾಗಿ ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆ ನಿಮ್ಮ ಕೈಯಲ್ಲಿದ್ದರೆ, ಅಮೆರಿಕದ ಬಾರುಗಳು ಬಳಸುವ ಬೀಜವಿಲ್ಲದ ದಪ್ಪ ನಿಂಬೆಗಿಂತ ನೀವು ಮೂಲದ ರುಚಿಗೆ ಹತ್ತಿರವಾಗಿದ್ದೀರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಹುಳಿ ತೀಕ್ಷ್ಣ. ನಿಂಬೆ ರಸದಲ್ಲಿ ಆಮ್ಲ ಸುಮಾರು ಶೇಕಡಾ 6 ಇರುತ್ತದೆ, ಕಾಗ್ಜಿಯಲ್ಲಿ ಅದಕ್ಕೂ ಮೇಲೇರುವುದುಂಟು. ಒಂದು ಹಣ್ಣಿನಿಂದ 10ರಿಂದ 15 ಮಿ.ಲೀ.ಗಿಂತ ಹೆಚ್ಚು ರಸ ಸಿಗುವುದಿಲ್ಲ. ಹಿಂಡುವಾಗ ಸಿಪ್ಪೆ ಮಡಚಿ ನಲುಗುವವರೆಗೆ ಒತ್ತಿದರೆ, ಬೀಜ ಒಡೆದರೆ ಕಹಿ ಇಳಿಯುತ್ತದೆ. ಹಿಂಡಿದ ರಸವನ್ನು ಅದೇ ದಿನ ಬಳಸಬೇಕು. ನಿನ್ನೆಯ ರಸದಲ್ಲಿ ಹುಳಿ ಉಳಿದಿರುತ್ತದೆ, ಪರಿಮಳ ಹೋಗಿರುತ್ತದೆ.

ಸಕ್ಕರೆಯನ್ನು ಕಾಳಿನ ರೂಪದಲ್ಲಿ ಹಾಕಬೇಡಿ. ನಮ್ಮಲ್ಲಿ ಸಿಗುವ ದಪ್ಪ ಸಕ್ಕರೆ ತಣ್ಣನೆಯ ರಮ್ಮಿನಲ್ಲಿ ಪೂರ್ತಿ ಕರಗುವುದಿಲ್ಲ. ಮೊದಲ ಗುಟುಕು ಹುಳಿಯಾಗಿ ಕೊನೆಯ ಗುಟುಕು ಸಿಹಿಯಾಗುವುದು ಇದರಿಂದಲೇ. 100 ಗ್ರಾಂ ಸಕ್ಕರೆಯನ್ನು 100 ಮಿ.ಲೀ. ಬಿಸಿ ನೀರಿನಲ್ಲಿ ಕರಗಿಸಿ ಆರಿಸಿದರೆ ಸುಮಾರು 160 ಮಿ.ಲೀ. ಸಕ್ಕರೆ ನೀರು ಸಿಗುತ್ತದೆ. ಒಲೆಯ ಮೇಲೆ ಕುದಿಸುತ್ತಾ ಎಳೆ ಪಾಕದ ಕಡೆಗೆ ಹೋಗಬಾರದು, ಏಕೆಂದರೆ ನೀರು ಆವಿಯಾದಷ್ಟೂ ನಿಮ್ಮ 20 ಮಿ.ಲೀ.ಯಲ್ಲಿರುವ ಸಕ್ಕರೆಯ ಪ್ರಮಾಣ ಬದಲಾಗುತ್ತಾ ಹೋಗುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ 20 ಮಿ.ಲೀ.ಗೆ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಶುಚಿಯಾದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಕೆಡುವುದಿಲ್ಲ. ಬೆಲ್ಲ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಹಾಕಬಹುದು, ರುಚಿಯಾಗಿಯೂ ಇರುತ್ತದೆ, ಆದರೆ ಬೆಲ್ಲದ ಸ್ವಂತ ಪರಿಮಳ ಬಿಳಿ ರಮ್ಮಿನ ತೆಳು ಪರಿಮಳವನ್ನು ಮುಚ್ಚುವುದರಿಂದ ಹೋಲಿಕೆಗೆಂದು ಮಾಡುವಾಗ ಬೇಡ.

ಮನೆಯಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಸಾಮಗ್ರಿ ಐಸ್. ನಿಮ್ಮ ಡೈಕಿರಿ ನೀರಾದದ್ದು ಐಸ್ ಹೆಚ್ಚಾಗಿ ಹಾಕಿದ್ದರಿಂದ ಎಂದು ನೀವು ಭಾವಿಸಿರಬಹುದು. ಬಹುಶಃ ಕಡಿಮೆ ಹಾಕಿದ್ದರಿಂದ, ಅದೂ ಹೊರಗೆ ತೆಗೆದಿಟ್ಟು ಒದ್ದೆಯಾದ ಐಸನ್ನು ಹಾಕಿದ್ದರಿಂದ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಮೈನಸ್ 18 ಡಿಗ್ರಿಯ ಹತ್ತಿರ ಇರುತ್ತದೆ, ಮೇಲ್ಮೈ ಒಣಗಿರುತ್ತದೆ. ಬಟ್ಟಲಿನಲ್ಲಿ ಹತ್ತು ನಿಮಿಷ ಕುಳಿತ ಐಸಿನ ಮೈಮೇಲೆ ಆಗಲೇ ನೀರಿನ ಪದರ ಇರುತ್ತದೆ, ಮತ್ತು ಆ ನೀರು ಪಾನೀಯವನ್ನು ಅಷ್ಟಾಗಿ ತಣಿಸದೆ ಕೇವಲ ತೆಳುವಾಗಿಸುತ್ತದೆ. ಐಸ್ ಕಡಿಮೆಯಿದ್ದರೆ ಇದ್ದಷ್ಟೂ ಬೇಗ ಕರಗುತ್ತದೆ. ಆದ್ದರಿಂದ ದ್ರವಗಳನ್ನೆಲ್ಲ ಮೊದಲು ಶೇಕರಿಗೆ ಹಾಕಿ, ಕೊನೆಯಲ್ಲಿ ಫ್ರೀಜರಿನಿಂದ ನೇರವಾಗಿ ತೆಗೆದ ದೊಡ್ಡ ತುಂಡುಗಳನ್ನು ಪಾತ್ರೆಯ ಮುಕ್ಕಾಲು ಪಾಲು ತುಂಬಿ, ಮುಚ್ಚಳ ಬಿಗಿದು 10ರಿಂದ 12 ಸೆಕೆಂಡು ಜೋರಾಗಿ ಕುಲುಕಬೇಕು. ಶೇಕರ್ ಇಲ್ಲದವರು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಬಳಸಬಹುದು. ಹೊರಮೈಗೆ ಮಂಜು ಹಿಡಿದರೆ ಸಾಕಷ್ಟು ತಣಿದಿದೆ ಎಂದರ್ಥ. ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮೊದಲೇ ಫ್ರೀಜರಿನಲ್ಲಿಟ್ಟು ತಣಿಸಿದ ಸಣ್ಣ ಗ್ಲಾಸಿಗೆ ಐಸ್ ಇಲ್ಲದೆ ಸುರಿಯಿರಿ.

ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದು ನಂಬಲರ್ಹ ಪರೀಕ್ಷೆಯಿದೆ. ಕುಲುಕುವ ಮೊದಲು ನಿಮ್ಮ ಬಳಿ ಇದ್ದದ್ದು 100 ಮಿ.ಲೀ.; ಸೋಸಿದ ನಂತರ ಅದು 125ರಿಂದ 135 ಮಿ.ಲೀ. ಆಗಿರಬೇಕು. 150 ದಾಟಿದ್ದರೆ ಐಸ್ ಒದ್ದೆಯಾಗಿತ್ತು ಅಥವಾ ಕುಲುಕಿದ್ದು ಹೆಚ್ಚಾಯಿತು. 115 ಕೂಡ ಮುಟ್ಟಿರದಿದ್ದರೆ ಕುಲುಕಿದ್ದು ಸಾಲದು, ಆಗ ರಮ್ಮಿನ ಉರಿ ಗಂಟಲಿಗೆ ಹತ್ತುತ್ತದೆ. ಕುಡಿದು ನೋಡಿದಾಗ ದವಡೆಯ ಇಕ್ಕೆಲಗಳು ಬಿಗಿಯುವಷ್ಟು ಹುಳಿಯಿದ್ದರೆ ಮುಂದಿನ ಸಲ ನಿಂಬೆಯನ್ನು ಇಳಿಸುವ ಬದಲು ಸಕ್ಕರೆ ನೀರನ್ನು ಅರ್ಧ ಚಮಚ, ಅಂದರೆ 2.5 ಮಿ.ಲೀ. ಏರಿಸಿ ನೋಡಿ, ನಿಂಬೆ ಕಡಿಮೆಯಾದರೆ ರಮ್ಮಿನ ಪರಿಮಳವೂ ಮಂಕಾಗುತ್ತದೆ. ನುಂಗಿದ ಮೇಲೆ ಸಿಹಿ ನಾಲಿಗೆಗೆ ಅಂಟಿಕೊಂಡಂತೆ ಉಳಿದರೆ ಅಷ್ಟನ್ನೇ ಇಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು.

ಈ ಹದ ಕೈಗೆ ಬಂದ ಮೇಲೆ ಫ್ಲೊರಿಡಿಟಾದ ಇನ್ನೊಂದು ಬಗೆಯನ್ನು ಖಂಡಿತ ಮಾಡಿ ನೋಡಿ. ಲೇಖಕ ಹೆಮಿಂಗ್ವೇ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಡೈಕಿರಿಯಲ್ಲಿ ಸಕ್ಕರೆಯ ಬದಲು ಮರಾಸ್ಕಿನೊ ಎಂಬ ಚೆರ್ರಿ ಲಿಕ್ಯೂರ್ ಇರುತ್ತದೆ, ನಿಂಬೆಯೊಂದಿಗೆ ದ್ರಾಕ್ಷಿಗೊಂಚಲಿನಂತೆ ಕಾಯುವ ಗ್ರೇಪ್‌ಫ್ರೂಟ್ ಹಣ್ಣಿನ ರಸ ಸೇರುತ್ತದೆ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಸುಲಭವಾಗಿ ಸಿಗದು. ಆದರೆ ಅದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ 18ನೇ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಕಾಣಿಸಿಕೊಂಡ ಹಣ್ಣು. ಹಾಗಾಗಿ ಅದರ ಜಾಗದಲ್ಲಿ ದೇವನಹಳ್ಳಿಯ ಚಕ್ಕೋತವನ್ನು ಬಳಸುವುದು ಬಲವಂತದ ಜೋಡಣೆಯೇನಲ್ಲ. ರಮ್ 60, ಚಕ್ಕೋತದ ರಸ 30, ನಿಂಬೆ ರಸ 15, ಸಕ್ಕರೆ ನೀರು 10 ಮಿ.ಲೀ., ಜೊತೆಗೆ ಬೆರಳ ತುದಿಯಷ್ಟು ಉಪ್ಪು. ಮರಾಸ್ಕಿನೊ ಇಲ್ಲದ ಕಾರಣ ಇದನ್ನು ಮೂಲದ್ದೆಂದು ಕರೆಯಲಾಗದು, ಆದರೂ ಬಿಳಿ ರಮ್ಮಿಗೆ ಇಷ್ಟು ಚೆನ್ನಾಗಿ ಹೊಂದುವ ನಮ್ಮ ಹಣ್ಣು ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಮೊಹಿಟೊಗೆ ಬರೋಣ. ರಮ್ 45, ನಿಂಬೆ ರಸ 20, ಸಕ್ಕರೆ ನೀರು 15 ಮಿ.ಲೀ., ಎಂಟು ಹತ್ತು ಪುದೀನ ಎಲೆ, ಸೋಡಾ 80 ಮಿ.ಲೀ.ಯಷ್ಟು. ಪುದೀನದ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಅದನ್ನು ಬಿಡಿಸಲು ಮೆಲ್ಲಗೆ ಒತ್ತಿದರೆ ಸಾಕು. ಚಟ್ನಿಗೆ ಅರೆದಂತೆ ಜಜ್ಜಿದಾಗ ಎಲೆಯ ಒಳಗಿನ ಹಸಿರು ಕಹಿ ಹೊರಬರುತ್ತದೆ, ಚೂರುಗಳು ಹಲ್ಲಿಗೂ ಸಿಕ್ಕಿಕೊಳ್ಳುತ್ತವೆ. ಎತ್ತರದ ಗ್ಲಾಸಿನಲ್ಲಿ ನಿಂಬೆ ರಸ, ಸಕ್ಕರೆ ನೀರು, ಎಲೆಗಳನ್ನು ಹಾಕಿ ಲಟ್ಟಣಿಗೆಯ ತುದಿಯಿಂದ ನಾಲ್ಕೈದು ಬಾರಿ ಹಗುರವಾಗಿ ಒತ್ತಿ, ರಮ್ ಸೇರಿಸಿ, ಗ್ಲಾಸಿನ ತುಂಬ ಐಸ್ ಹಾಕಿ, ಫ್ರಿಜ್ಜಿನಲ್ಲಿ ತಣಿಸಿದ ಸೋಡಾ ಸುರಿದು, ಉದ್ದ ಚಮಚದಿಂದ ಕೆಳಗಿನಿಂದ ಮೇಲಕ್ಕೆ ಒಮ್ಮೆ ಎತ್ತಿದರೆ ಕೆಲಸ ಮುಗಿಯಿತು. ಒಂದು ಕುಡಿಯನ್ನು ಅಂಗೈಗಳ ನಡುವೆ ತಟ್ಟಿ ಮೂಗಿಗೆ ತಾಗುವಂತೆ ಮೇಲೆ ನಿಲ್ಲಿಸಿ. ಮೊಹಿಟೊದ ಅರ್ಧ ರುಚಿ ಮೂಗಿನ ಮೂಲಕವೇ ಬರುತ್ತದೆ. ಕ್ಯೂಬಾದಲ್ಲಿ ಬಳಸುವ ಪುದೀನ ನಮ್ಮದಕ್ಕಿಂತ ಸೌಮ್ಯ ಸ್ವಭಾವದ್ದಾದ್ದರಿಂದ ಎಲೆಯನ್ನು ಹಿಡಿಗಟ್ಟಲೆ ತುರುಕುವ ಅಗತ್ಯವಿಲ್ಲ. ಸೋಡಾದ ಬದಲು ಸಿಹಿಯಾದ ನಿಂಬೆ ಪಾನೀಯವನ್ನು ಸುರಿಯುವ ರೂಢಿ ನಮ್ಮ ಅನೇಕ ಬಾರುಗಳಲ್ಲಿ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಸಿಹಿಯ ಹತೋಟಿ ನಿಮ್ಮ ಕೈಯಿಂದ ತಪ್ಪಿಹೋಗುತ್ತದೆ.

ಕ್ಯೂಬಾ ಲಿಬ್ರೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1898ರ ಯುದ್ಧದಲ್ಲಿ ಸ್ಪೇನಿನ ಆಳ್ವಿಕೆ ಕೊನೆಗೊಂಡ ನಂತರ, ಅಮೆರಿಕದ ಕೋಲಾ ಹವಾನಾಕ್ಕೆ ಬಂದ ಕಾಲದಲ್ಲಿ ಹುಟ್ಟಿದ ಪಾನೀಯ ಇದು. ರಮ್ 50, ಕೋಲಾ 120, ನಿಂಬೆ ರಸ 10 ಮಿ.ಲೀ. ರಮ್ ಮತ್ತು ಕೋಲಾವನ್ನು ಬರೀ ಬೆರೆಸಿ ಕುಡಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಆ 10 ಮಿ.ಲೀ. ನಿಂಬೆಯಲ್ಲಿದೆ, ಆದ್ದರಿಂದ ಗ್ಲಾಸಿನ ಅಂಚಿಗೆ ಒಂದು ಹೋಳು ಸಿಕ್ಕಿಸಿ ಸುಮ್ಮನಾಗಬೇಡಿ. ಕೋಲಾದ ಬಾಟಲಿಯನ್ನು ಆಗಷ್ಟೇ ತೆರೆದಿರಬೇಕು, ಚೆನ್ನಾಗಿ ತಣಿದಿರಬೇಕು.

ನಾಲ್ಕರಲ್ಲಿ ಮನೆಯವರ ಕೈಯಲ್ಲಿ ಅತಿ ಹೆಚ್ಚು ಕೆಡುವುದು ಪಿನಾ ಕೊಲಾಡಾ, ನಮ್ಮ ನಾಡಿನಲ್ಲಿ ಅತಿ ಚೆನ್ನಾಗಿ ಬರಬಹುದಾದದ್ದೂ ಅದೇ. ಇದು ಕ್ಯೂಬಾದ್ದಲ್ಲ, ಪೋರ್ಟೊ ರಿಕೊ ದ್ವೀಪದ್ದು. ಸಾನ್ ಹುವಾನ್ ನಗರದ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ರಾಮೋನ್ ಮರೇರೊ 1954ರಲ್ಲಿ ಇದನ್ನು ರೂಪಿಸಿದರೆಂಬುದು ಹೆಚ್ಚು ಪ್ರಚಲಿತವಾದ ವಿವರಣೆ, ಅದೇ ನಗರದ ಇನ್ನೊಂದು ರೆಸ್ಟೊರೆಂಟು ಆ ಗೌರವ ತನ್ನದೆಂದು ವಾದಿಸುತ್ತದೆ. 1978ರಲ್ಲಿ ಅಲ್ಲಿನ ಸರಕಾರ ಇದನ್ನು ದ್ವೀಪದ ಅಧಿಕೃತ ಪಾನೀಯವೆಂದು ಘೋಷಿಸಿತು. ಇದರಲ್ಲಿ ಬಳಸುವುದು ಬರೀ ತೆಂಗಿನ ಹಾಲಲ್ಲ, ಡಬ್ಬಿಯಲ್ಲಿ ಬರುವ, ಸಕ್ಕರೆ ಬೆರೆತು ಗಟ್ಟಿಯಾಗಿರುವ, ಕೊಬ್ಬು ಬೇರ್ಪಡದಂತೆ ಹದ ಮಾಡಿರುವ ತೆಂಗಿನ ಕ್ರೀಮು. ನಿಮ್ಮ ತೊಂದರೆಯ ಮೂಲ ಇಲ್ಲಿದೆ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ ನೀವು ಕಾಣುವುದೂ ಅದನ್ನೇ. ತಾಜಾ ತೆಂಗಿನ ಹಾಲಿಗೆ ಐಸ್ ತಗುಲಿದ ಕೂಡಲೇ ಕೊಬ್ಬಿನ ಹನಿಗಳು ಒಂದಕ್ಕೊಂದು ಅಂಟಿ ಕಾಳಾಗುತ್ತವೆ, ಅನಾನಸಿನ ಹುಳಿ ಆ ಒಡೆಯುವಿಕೆಗೆ ಇನ್ನಷ್ಟು ಸಹಾಯ ಮಾಡುತ್ತದೆ.

ಪರಿಹಾರ ಅಡುಗೆಮನೆಯಲ್ಲೇ ಇದೆ. ಚೆನ್ನಾಗಿ ಬಲಿತ ಕಾಯಿಯ ತುರಿಗೆ ಸ್ವಲ್ಪವೇ ಬೆಚ್ಚಗಿನ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಹಿಂಡಿ ಮೊದಲ ಗಟ್ಟಿ ಹಾಲನ್ನು ಮಾತ್ರ ತೆಗೆದುಕೊಳ್ಳಿ. ಎರಡನೆಯ ಹಾಲು ಸಾರಿಗಿರಲಿ. ಹಾಲಿನಷ್ಟೇ ತೂಕದ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ, ಕುದಿ ಬರಿಸದೆ ಇಳಿಸಿ. ಬೆಚ್ಚಗಿರುವಾಗಲೇ ಮಿಕ್ಸಿಯಲ್ಲಿ ಒಂದು ನಿಮಿಷ ತಿರುವಿದರೆ ಕೊಬ್ಬು ಬಹಳ ಸಣ್ಣ ಹನಿಗಳಾಗಿ ಹರಡಿಕೊಳ್ಳುತ್ತದೆ ಮತ್ತು ಸಕ್ಕರೆಯ ಮಂದತನ ಅವು ಮತ್ತೆ ಒಂದಾಗದಂತೆ ತಡೆಯುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಮೇಲೆ ಕೆನೆಯಂತೆ ಕಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಕುಲುಕಿದರೆ ಸಾಕು. ಈ ಕ್ರೀಮು 30, ರಮ್ 50, ಅನಾನಸ್ ರಸ 50 ಮಿ.ಲೀ. ಎಂಬುದು ಬಾರಿನವರ ಮಾನ್ಯ ಅಳತೆ. ನಾನು ಅದಕ್ಕೆ 10 ಮಿ.ಲೀ. ನಿಂಬೆ ರಸವನ್ನೂ ಸೇರಿಸುತ್ತೇನೆ, ಏಕೆಂದರೆ ಚೆನ್ನಾಗಿ ಮಾಗಿದ ಅನಾನಸಿನಲ್ಲಿ ಈ ಪ್ರಮಾಣದ ಸಿಹಿಯನ್ನು ತಡೆದು ನಿಲ್ಲಿಸುವಷ್ಟು ಹುಳಿ ಇರುವುದಿಲ್ಲ. ಬನವಾಸಿ, ಸೊರಬದ ಕಡೆಯಿಂದ ಬರುವ ಹಣ್ಣು ಸಿಕ್ಕಿದರೆ ಹೋಳು ಮಾಡಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ; ಐಸಿನ ಬಹುಪಾಲನ್ನು ಬಿಟ್ಟು ಆ ಹೆಪ್ಪುಗಟ್ಟಿದ ಹೋಳುಗಳನ್ನೇ ರಮ್ ಮತ್ತು ಕ್ರೀಮಿನೊಂದಿಗೆ ಮಿಕ್ಸಿಗೆ ಹಾಕಿದರೆ ನೀರಾಗದ, ನುಣ್ಣನೆಯ, ಹಣ್ಣಿನ ಪರಿಮಳ ತುಂಬಿದ ಪಾನೀಯ ಸಿಗುತ್ತದೆ. ಡಬ್ಬಿಯ ಅನಾನಸ್ ರಸದಿಂದ ಇದರ ಹತ್ತಿರಕ್ಕೂ ಬರಲಾಗದು.

ಇನ್ನು ಹೋಲಿಕೆ. ನಾಲ್ಕಕ್ಕೂ ಒಂದೇ ಬಾಟಲಿಯ ರಮ್, ಒಂದೇ ಹೊತ್ತಿಗೆ ಹಿಂಡಿದ ನಿಂಬೆ, ಒಂದೇ ಸಕ್ಕರೆ ನೀರು ಇರಲಿ. ಅಳತೆಗಳನ್ನೆಲ್ಲ ಅರ್ಧಕ್ಕೆ ಇಳಿಸಿ, ಇಬ್ಬರು ಹಂಚಿಕೊಂಡು ರುಚಿ ನೋಡಿ. ಆಗ ನಾಲ್ಕೂ ಸೇರಿ ಒಬ್ಬೊಬ್ಬರ ಪಾಲಿಗೆ ಸುಮಾರು 50 ಮಿ.ಲೀ. ರಮ್ ಬರುತ್ತದೆ. ಡೈಕಿರಿಯಿಂದ ಆರಂಭಿಸಿ ಮೊಹಿಟೊ, ಕ್ಯೂಬಾ ಲಿಬ್ರೆಗಳನ್ನು ದಾಟಿ ಪಿನಾ ಕೊಲಾಡಾಕ್ಕೆ ಬರಬೇಕು. ಕೊಬ್ಬು ಮತ್ತು ಸಿಹಿ ಒಮ್ಮೆ ನಾಲಿಗೆಯನ್ನು ಆವರಿಸಿದರೆ ಅದರ ನಂತರ ಬಂದ ಡೈಕಿರಿ ಅನ್ಯಾಯವಾಗಿ ಹುಳಿಯೆನಿಸುತ್ತದೆ. ನಡುವೆ ನೀರು ಕುಡಿದು ನಾಲ್ಕು ಕಾಳು ಉಪ್ಪಿಲ್ಲದ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳಿ. ಪ್ರತಿಯೊಂದನ್ನೂ ಮಾಡಿದ ಕೂಡಲೇ ಒಮ್ಮೆ, ಐದು ನಿಮಿಷದ ನಂತರ ಇನ್ನೊಮ್ಮೆ ಸವಿಯಿರಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಬಿಸಿಯೇರಿದಂತೆ ಮೇಲೆ ಬರುತ್ತದೆ. ಐಸ್ ಬೆರೆಸಿ ಮಿಕ್ಸಿಯಲ್ಲಿ ತಿರುವುವ ಡೈಕಿರಿಗೆ ಹೆಚ್ಚು ಸಕ್ಕರೆ ಬೇಕಾಗುವುದೂ ಇದರಿಂದಲೇ.

ರುಚಿ ನೋಡುವಾಗ ಕೆಲವು ಲೆಕ್ಕಗಳು ಮನಸ್ಸಿನಲ್ಲಿರಲಿ. ಪೂರ್ಣ ಅಳತೆಯ ಡೈಕಿರಿಯಲ್ಲಿ ಸಕ್ಕರೆ 12 ಗ್ರಾಂ ಎಂದೆನಲ್ಲ, ಕ್ಯೂಬಾ ಲಿಬ್ರೆಯ 120 ಮಿ.ಲೀ. ಕೋಲಾದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ ಕ್ಯೂಬಾ ಲಿಬ್ರೆ ಬಹಳ ಸಿಹಿಯೆನಿಸುವುದು ನಿಂಬೆ ಅರ್ಧವಿರುವುದರಿಂದ. ಹದ ನಿಲ್ಲುವುದು ಸಕ್ಕರೆಯ ಮೊತ್ತಕ್ಕಿಂತ ಹೆಚ್ಚಾಗಿ ಹುಳಿಯೊಂದಿಗೆ ಅದಕ್ಕಿರುವ ಪ್ರಮಾಣದ ಮೇಲೆ. ಮೊಹಿಟೊದಲ್ಲಿ ಸಕ್ಕರೆ ಸುಮಾರು 9 ಗ್ರಾಂ, ಪಿನಾ ಕೊಲಾಡಾದಲ್ಲಿ 20 ಗ್ರಾಂ ದಾಟುತ್ತದೆ. ಆಲ್ಕೋಹಾಲಿನ ಲೆಕ್ಕ ಇದಕ್ಕಿಂತ ಮುಖ್ಯ. ಡೈಕಿರಿಯಲ್ಲಿ ಅದು ಶೇಕಡಾ 20ರ ಹತ್ತಿರ, ಉಳಿದ ಮೂರರಲ್ಲಿ ಸುಮಾರು 9–10. ಮೊಹಿಟೊ ಎತ್ತರದ ಗ್ಲಾಸಿನಲ್ಲಿ ತಂಪಾಗಿ ಸರಾಗವಾಗಿ ಇಳಿಯುವುದರಿಂದ ಹಗುರವೆಂದು ಭ್ರಮೆಯಾಗುತ್ತದೆ, ಆದರೆ ಒಂದು ಗ್ಲಾಸಿನೊಳಗೆ ಒಂದೂವರೆ ಸ್ಮಾಲ್ ಪೆಗ್, ಅಂದರೆ 45 ಮಿ.ಲೀ. ರಮ್ ಇರುತ್ತದೆ. 60 ಮಿ.ಲೀ. ರಮ್ಮಿನ ಡೈಕಿರಿಯೊಂದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 20 ಗ್ರಾಂ. ರುಚಿ ನೋಡುವ ದಿನ ವಾಹನದ ಕೀಲಿಯನ್ನು ಮುಟ್ಟಬಾರದು, ಖಾಲಿ ಹೊಟ್ಟೆಯಲ್ಲಿ ಆರಂಭಿಸಬಾರದು, ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕೂರಲೇಬಾರದು. ನಿಂಬೆ, ಪುದೀನ, ಸಕ್ಕರೆ ನೀರು, ಸೋಡಾಗಳ ಜೋಡಿ ರಮ್ ಇಲ್ಲದೆಯೂ ಚೆನ್ನಾಗಿರುತ್ತದೆ. ಕುಡಿಯದವರಿಗೆ ಅದೇ ಎತ್ತರದ ಗ್ಲಾಸಿನಲ್ಲಿ ಅದೇ ಆಸ್ಥೆಯಿಂದ ಮಾಡಿಕೊಡಿ.

ಯಾವುದು ಮೇಲು ಎಂದು ನೀವು ಕೇಳಿದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ರಮ್ಮಿನ ಗುಣ ಕಾಣಬೇಕಾದರೆ ಡೈಕಿರಿಗೆ ಸಮನಾದದ್ದಿಲ್ಲ. ನಮ್ಮ ಬೇಸಿಗೆಗೆ, ಅದರಲ್ಲೂ ಕರಾವಳಿಯ ಸೆಕೆಗೆ ಮೊಹಿಟೊ ಹೆಚ್ಚು ಹೊಂದುತ್ತದೆ. ಪಿನಾ ಕೊಲಾಡಾವನ್ನು ಊಟದ ಮುಂಚೆ ಕೊಡುವುದು ತಪ್ಪು. ಅದು ಊಟದ ನಂತರ ಸಿಹಿತಿಂಡಿಯ ಜಾಗದಲ್ಲಿ ಬರಬೇಕಾದದ್ದು. ಕ್ಯೂಬಾ ಲಿಬ್ರೆ ಹಲವು ಅತಿಥಿಗಳಿಗೆ ಒಟ್ಟಿಗೆ ಮಾಡಿಕೊಡುವುದಕ್ಕೆ ಅನುಕೂಲ, ಆದರೆ ಅದರಲ್ಲಿ ಒಳ್ಳೆಯ ರಮ್ಮಿಗೂ ಸಾಧಾರಣ ರಮ್ಮಿಗೂ ಇರುವ ವ್ಯತ್ಯಾಸದ ಬಹುಭಾಗ ಮರೆಯಾಗುತ್ತದೆ.

ಕೊನೆಯದಾಗಿ ಬಾಟಲಿಯ ಪ್ರಶ್ನೆ. ಎರಡನೆಯ ಬಾಟಲಿ ತರುವುದಾದರೆ ಅದೇ ಶೈಲಿಯ ದುಬಾರಿ ರಮ್ಮಿಗಿಂತ ಬೇರೆ ಶೈಲಿಯದನ್ನು ತನ್ನಿ. ಕ್ಯೂಬಾದ ಮೂರು ವರ್ಷ ಪೀಪಾಯಿಯಲ್ಲಿಟ್ಟ ತಿಳಿಹಳದಿ ರಮ್ ಸಿಕ್ಕಿದರೆ ಡೈಕಿರಿಗೆ ಬಹಳ ಒಳ್ಳೆಯದು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾತ್ರ ವ್ಯಾಪಾರ ನಿರ್ಬಂಧದ ಕಾರಣ ಅದು ಅಂಗಡಿಯಲ್ಲಿ ಸಿಗದು. ಫ್ರೆಂಚ್ ಆಡಳಿತದ ಮಾರ್ಟಿನಿಕ್ ದ್ವೀಪದಲ್ಲಿ ಕಾಕಂಬಿಯ ಬದಲು ತಾಜಾ ಕಬ್ಬಿನ ಹಾಲಿನಿಂದಲೇ ಇಳಿಸುವ ಅಗ್ರಿಕೋಲ್ ರಮ್ಮಿಗೆ 1996ರಿಂದ ಮೂಲಸ್ಥಾನದ ಕಾನೂನು ರಕ್ಷಣೆಯಿದೆ. ಹಸಿ ಕಬ್ಬಿನ, ಹುಲ್ಲಿನ ವಾಸನೆಯುಳ್ಳ ಆ ರಮ್ಮಿನ ಡೈಕಿರಿ ಬೇರೆಯದೇ ಪಾನೀಯದಂತಿರುತ್ತದೆ, ಪಿನಾ ಕೊಲಾಡಾದಲ್ಲಿ ಅದು ಸುಮ್ಮನೆ ವ್ಯರ್ಥ. ಜಮೈಕಾದ ಶೇಕಡಾ 63ರ ಕಟು ಬಿಳಿ ರಮ್ಮನ್ನು ಪೂರ್ತಿ ಪೆಗ್ ಹಾಕದೆ, ನಿಮ್ಮ ಮಾಮೂಲಿ ರಮ್ 50 ಮಿ.ಲೀ.ಗೆ ಅದರ 10 ಮಿ.ಲೀ. ಸೇರಿಸಿದರೆ ಮಾಗಿದ ಬಾಳೆಹಣ್ಣಿನಂಥ ಗಾಢ ಪರಿಮಳ ಬರುತ್ತದೆ. ಹೊಸ ಬಾಟಲಿ ತಂದ ದಿನ ಹಳೆಯದರಿಂದ ಒಂದು, ಹೊಸದರಿಂದ ಒಂದು ಡೈಕಿರಿ ಮಾಡಿ, ಮನೆಯವರೊಬ್ಬರಿಗೆ ಹೇಳಿ ಮೂರು ಲೋಟಗಳಿಗೆ ಹಾಕಿಸಿ: ಎರಡರಲ್ಲಿ ಒಂದೇ ರಮ್ಮಿನದು, ಮೂರನೆಯದರಲ್ಲಿ ಇನ್ನೊಂದರದು. ಯಾವುದು ಬೇರೆ ಎಂದು ನೋಡದೆ ಗುರುತಿಸಿ. ಬೇರೆ ಬೇರೆ ದಿನ ಕೆಲವು ಸಲ ಹೀಗೆ ಮಾಡಿಯೂ ಗುರುತು ಹಿಡಿಯಲಾಗದಿದ್ದರೆ, ಅಗ್ಗದ ಬಾಟಲಿಯನ್ನೇ ಮುಂದುವರಿಸಿ, ಉಳಿದ ಹಣದಲ್ಲಿ ಒಳ್ಳೆಯ ನಿಂಬೆಯನ್ನೂ ಒಂದು ಜೊತೆ ದೊಡ್ಡ ಐಸ್ ಟ್ರೇಗಳನ್ನೂ ತನ್ನಿ.